ಸ್ಪಂಜ್ ಫಿಲ್ಟರ್: ಜೋಡಿಸುವುದು, ಪಳಗಿಸುವುದು, ಮೀನು ಸಾಯದಂತೆ ತೊಳೆಯುವುದು

"ಭಾನುವಾರ ಟ್ಯಾಂಕ್ ತೊಳೆದೆವು. ಬುಧವಾರ ಬೆಳಿಗ್ಗೆ ನಾಲ್ಕು ಗಪ್ಪಿ ತೇಲುತ್ತಿದ್ದವು. ಫಿಲ್ಟರ್ ಹಾಳಾಗಿದೆಯಾ ಅಣ್ಣಾ?"

ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯವರು, ಡೊಂಬಿವಲಿಯ ನೆಂಟರು, ಮಾಟುಂಗದ ಗೆಳೆಯರು ಎಲ್ಲರೂ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ: "ಸ್ಪಂಜನ್ನು ಯಾವ ನೀರಿನಲ್ಲಿ ತೊಳೆದಿರಿ?" ಉತ್ತರ ಗೊತ್ತೇ ಇರುತ್ತದೆ. ನಲ್ಲಿ ಕೆಳಗೆ ಹಿಡಿದು, ಬಿಳಿ ನೀರು ಬರುವವರೆಗೆ ಉಜ್ಜಿ ತೊಳೆದಿರುತ್ತಾರೆ. ಆಮೇಲೆ ಮೀನು ಸತ್ತಾಗ ಹೊಸ ಫಿಲ್ಟರ್ ತರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಾಗಾಗಿ ಪ್ರತಿ ಸಲ ಫೋನಿನಲ್ಲಿ ಹೇಳುವುದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅರ್ಧಕ್ಕಿಂತ ಜಾಸ್ತಿ ತೊಂದರೆ ಬರುವುದು ಕ್ರಮ ತಪ್ಪುವುದರಿಂದಲೇ.

## ಸ್ಪಂಜಿನೊಳಗೆ ಏನು ನಡೆಯುತ್ತದೆ

ಏರ್ ಪಂಪಿನ ಗಾಳಿ ಸ್ಪಂಜಿನ ನಡುವಿನ ಕೊಳವೆಯೊಳಗೆ ಗುಳ್ಳೆಯಾಗಿ ಮೇಲೇಳುತ್ತದೆ. ಗುಳ್ಳೆಯ ಜೊತೆ ಕೊಳವೆಯ ನೀರೂ ಮೇಲೆ ಹೋಗುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಗೆ ಬರುತ್ತದೆ. ಕಸ ಸ್ಪಂಜಿನಲ್ಲೇ ನಿಲ್ಲುತ್ತದೆ.

ಕಸ ಹಿಡಿಯುವುದು ಚಿಕ್ಕ ಕೆಲಸ. ದೊಡ್ಡ ಕೆಲಸ ಮಾಡುವುದು ಸ್ಪಂಜಿನ ತೂತುಗಳಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ, ಉಳಿದು ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ಆದರೆ ಅದನ್ನು ಸ್ಪಂಜ್ ತೆಗೆಯುವುದಿಲ್ಲ, ನೀರು ಬದಲಿಸಿ ನಾವೇ ತೆಗೆಯಬೇಕು.

ಮೊಸರಿನ ಹೆಪ್ಪಿನ ಹಾಗೆ ಅಂದುಕೊಳ್ಳಿ. ಹೆಪ್ಪು ಉಳಿದರೆ ನಾಳೆಯ ಹಾಲು ಮೊಸರಾಗುತ್ತದೆ. ಪಾತ್ರೆಯನ್ನು ಬಿಸಿನೀರು, ಸೋಪು ಹಾಕಿ ತೊಳೆದಿಟ್ಟರೆ ಹಾಲು ಹಾಲಾಗಿಯೇ ಉಳಿದು ಕೆಡುತ್ತದೆ. ಕಂದು ಬಣ್ಣಕ್ಕೆ ತಿರುಗಿದ, ಸ್ವಲ್ಪ ಜಿಡ್ಡು ಜಿಡ್ಡಾದ ಸ್ಪಂಜ್ ಅಂದರೆ ಹೆಪ್ಪಿರುವ ಸ್ಪಂಜ್.

## ಬೇಕಾದ ಸಾಮಾನು

ಕುರ್ಲಾ ಅಥವಾ ಕ್ರಾಫರ್ಡ್ ಮಾರ್ಕೆಟ್ ಕಡೆಯ ಅಕ್ವೇರಿಯಂ ಅಂಗಡಿಗಳಲ್ಲಿ ಇದೆಲ್ಲ ಸಿಗುತ್ತದೆ. ಒಮ್ಮೆಗೇ ತಂದುಬಿಡಿ.

- ತಳದಲ್ಲಿ ಭಾರವಿರುವ ಸ್ಪಂಜ್ ಫಿಲ್ಟರ್. ಜೋಡಿ ಸ್ಪಂಜ್ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ, ಕಾರಣ ಹಂತ 7ರಲ್ಲಿದೆ.
- ಏರ್ ಪಂಪ್, ಎರಡು ಮೀಟರ್ ಸಿಲಿಕಾನ್ ಪೈಪ್
- ಪೈಪಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ (ಒಂದಲ್ಲ, ಎರಡು. ಒಂದು ಡ್ರಾಯರಿನಲ್ಲಿರಲಿ)
- ಗಾಳಿ ಹೆಚ್ಚು ಕಡಿಮೆ ಮಾಡುವ ಸಣ್ಣ ಕಂಟ್ರೋಲ್ ವಾಲ್ವ್, ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಒಡೆಯುವ ಒಂದು ಏರ್ ಸ್ಟೋನ್
- ಆಂಟಿ ಕ್ಲೋರಿನ್ ಬಾಟಲಿ
- ಅಮೋನಿಯಾ, ನೈಟ್ರೈಟ್, ನೈಟ್ರೇಟ್ ನೋಡುವ ಟೆಸ್ಟ್ ಕಿಟ್
- ಟ್ಯಾಂಕಿನ ನೀರನ್ನು ಬಾಲ್ದಿಗೆ ಇಳಿಸುವ ಸೈಫನ್ ಪೈಪ್
- ಮೀನಿಗೆಂದೇ ಒಂದು ಬಾಲ್ದಿ

ಬಾಲ್ದಿಯ ಬಗ್ಗೆ ಒಂದು ಮಾತು. ಬಟ್ಟೆ ನೆನೆಸುವ ಬಾಲ್ದಿಯನ್ನು "ಚೆನ್ನಾಗಿ ತೊಳೆದಿದ್ದೇವೆ" ಅಂತ ಬಳಸಬೇಡಿ. ಬೇರೆ ಬಣ್ಣದ್ದು ತಂದು, ಮೇಲೆ ಮೀನಿನ ಚಿತ್ರ ಬರೆದಿಡಿ. ಮನೆಗೆಲಸದವರಿಗೆ ಓದಲು ಬರದಿದ್ದರೂ ಗೊತ್ತಾಗುತ್ತದೆ.

ಪಾತ್ರೆ ತಿಕ್ಕುವ ಸ್ಪಂಜು, ಹಳೆ ಸೋಫಾದ ಫೋಮು ಕತ್ತರಿಸಿ ಹಾಕುವ ಜುಗಾಡ್ ಬೇಡ. ಕೆಲವು ಅಡುಗೆಮನೆ ಸ್ಪಂಜುಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಇರುತ್ತದೆ. ಸೋಫಾ ಫೋಮಿನಲ್ಲಿ ಬೆಂಕಿ ಹಿಡಿಯದಂತೆ ರಾಸಾಯನಿಕ ಸೇರಿಸಿರಬಹುದು.

## ಹಂತ 1: ಟ್ಯಾಂಕಿನ ಲೀಟರ್ ಲೆಕ್ಕ ಹಾಕಿ

ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಎರಡಡಿ ಟ್ಯಾಂಕ್ 60×30×30 ಇದ್ದರೆ 54 ಲೀಟರ್. ಒಂದೂವರೆ ಅಡಿಯದು 45×30×30 ಇದ್ದರೆ ಸುಮಾರು 40. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು ಇನ್ನೂ ಕಡಿಮೆ.

ಸ್ಪಂಜಿನ ಡಬ್ಬಿಯ ಮೇಲೆ ಬರೆದ ಲೀಟರನ್ನು ನಾನು ಪೂರ್ತಿ ನಂಬುವುದಿಲ್ಲ. ನಿಮ್ಮದು 50 ಲೀಟರಿನದಾದರೆ 80-100 ಲೀಟರಿಗೆ ಅಂತ ಬರೆದದ್ದು ತನ್ನಿ. ಸ್ಪಂಜ್ ದೊಡ್ಡದಾಯಿತು ಅಂತ ಯಾವ ಮೀನೂ ಸತ್ತಿಲ್ಲ.

ಸ್ಪಂಜನ್ನು ಬೆಳಕಿಗೆ ಹಿಡಿದು ನೋಡಿ. ತೂತು ಕಣ್ಣಿಗೆ ಕಾಣುವಷ್ಟು ಒರಟಾಗಿರಲಿ. ತುಂಬ ನಯವಾದದ್ದು ಮರಿಗಳ ಟ್ಯಾಂಕಿಗೆ ಸರಿ. ದೊಡ್ಡ ಮೀನಿರುವಲ್ಲಿ ಅದು ವಾರದಲ್ಲೇ ಕಟ್ಟಿಕೊಳ್ಳುತ್ತದೆ.

ಗೋಲ್ಡ್‌ಫಿಶ್, ಆಸ್ಕರ್ ಸಾಕುವವರಿಗೆ ಇದೊಂದೇ ಸಾಲದು. ಅವು ಮಾಡುವ ಗಲೀಜು ಬೇರೆಯೇ ಮಟ್ಟದ್ದು. ಅಲ್ಲಿ ಬೇರೆ ಪವರ್ ಫಿಲ್ಟರ್ ಜೊತೆಗೆ ಇದನ್ನು ಇಟ್ಟುಕೊಳ್ಳಿ.

## ಹಂತ 2: ಹೊಸ ಸ್ಪಂಜನ್ನು ತಯಾರು ಮಾಡಿ

ಹೊಸ ಸ್ಪಂಜನ್ನು ಮಾತ್ರ ನಲ್ಲಿ ನೀರಿನಲ್ಲಿ ತೊಳೆಯಬಹುದು. ಅದರಲ್ಲಿ ಇನ್ನೂ ಯಾರೂ ವಾಸವಿಲ್ಲ. ಸೋಪು ಬೇಡ. ನಾಲ್ಕೈದು ಸಲ ಹಿಂಡಿ ಕಾರ್ಖಾನೆಯ ಧೂಳು ತೆಗೆಯಿರಿ.

ಆಮೇಲೆ ಟ್ಯಾಂಕಿನ ನೀರಿನೊಳಗೇ ಹಿಡಿದು, ಗುಳ್ಳೆ ಬರುವುದು ನಿಲ್ಲುವವರೆಗೆ ಹಿಂಡಿ. ಇದನ್ನು ಮಾಡದೆ ಇಟ್ಟರೆ ಒಳಗಿನ ಗಾಳಿಯಿಂದ ಸ್ಪಂಜ್ ತೇಲಿ ಮೇಲೆ ಬರುತ್ತದೆ. ಜನ ಕಲ್ಲು ಕಟ್ಟುತ್ತಾರೆ, ದಾರ ಬಿಗಿಯುತ್ತಾರೆ. ಹಿಂಡಿದರೆ ಸಾಕಿತ್ತು.

ಏರ್ ಸ್ಟೋನನ್ನು ಕೊಳವೆಯೊಳಗೆ ತಳದ ಹತ್ತಿರ ಇಡಿ. ಗುಳ್ಳೆ ಸಣ್ಣದಾಗಿ, ಒಂದೇ ಸಮನೆ ಬರುತ್ತದೆ. ಸದ್ದೂ ಕಡಿಮೆ.

## ಹಂತ 3: ಪಂಪ್ ಎಲ್ಲಿಡಬೇಕು, ಚೆಕ್ ವಾಲ್ವ್ ಹೇಗೆ ಹಾಕಬೇಕು

ಈ ಹಂತ ನಾನು ದುಡ್ಡು ಕೊಟ್ಟು ಕಲಿತದ್ದು. ಮೊದಲ ಟ್ಯಾಂಕಿನ ಪಂಪನ್ನು ಟಿವಿ ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೆ. ಚೆಕ್ ವಾಲ್ವ್ ಹಾಕಿರಲಿಲ್ಲ, ಸುಮ್ನೆ ಅದೊಂದು ಖರ್ಚು ಅಂದುಕೊಂಡಿದ್ದೆ. ಒಂದು ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಎದ್ದರೆ ಟ್ಯಾಂಕಿನಲ್ಲಿ ಕಾಲು ಭಾಗ ನೀರಿಲ್ಲ. ಹಾಲ್ ತುಂಬ ನೀರು, ಪಂಪು ಸತ್ತಿತ್ತು, ಎಕ್ಸ್‌ಟೆನ್ಷನ್ ಬೋರ್ಡು ಒದ್ದೆ. ಕೆಳಗಿನ ಮನೆಯ ಕಾಕು ಚಾವಣಿ ತೋರಿಸಲು ಮೇಲೆ ಬಂದರು.

ಆದದ್ದು ಇಷ್ಟೇ. ಗಾಳಿ ನಿಂತಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಸೈಫನ್ ಶುರುವಾಗುತ್ತದೆ. ಸ್ಪಂಜ್ ಫಿಲ್ಟರಿನಲ್ಲಿ ಪೈಪಿನ ತುದಿ ಟ್ಯಾಂಕಿನ ತಳದ ಹತ್ತಿರ ಇರುವುದರಿಂದ, ನೀರು ತಳದವರೆಗೂ ಖಾಲಿಯಾಗಬಹುದು.

ಆದ್ದರಿಂದ:

1. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದರೂ ಆಯಿತು.
2. ಮೇಲೆ ಇಟ್ಟರೂ ಚೆಕ್ ವಾಲ್ವ್ ಹಾಕಿ. ಪಂಪು ಅದುರಿ ಅದುರಿ ಕೆಳಗೆ ಜಾರುವುದುಂಟು.
3. ವಾಲ್ವಿನ ದಿಕ್ಕನ್ನು ಬಾಯಿಯಿಂದ ಊದಿ ನೋಡಿ. ಗಾಳಿ ಹೋಗುವ ಕಡೆ ಟ್ಯಾಂಕಿನತ್ತ ಇರಬೇಕು. ತಿರುವು ಮುರುವು ಹಾಕಿದರೆ ಗುಳ್ಳೆಯೇ ಬರುವುದಿಲ್ಲ. ಆಗ ಜನ ಪಂಪು ಹಾಳು ಅಂತ ಅಂಗಡಿಗೆ ಓಡುತ್ತಾರೆ.
4. ಪಂಪ್ ಆರಿಸಿ ಹತ್ತು ನಿಮಿಷ ಕಾಯಿರಿ. ವಾಲ್ವ್ ದಾಟಿ ನೀರು ಬಂದರೆ ಆ ವಾಲ್ವ್ ಬೇಡ.
5. ಪಂಪಿನ ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು, ಆಮೇಲೆ ಮೇಲೆ ಹೋಗಲಿ. ವೈರಿನ ಮೇಲೆ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ವಾಲ್ವನ್ನು ವರ್ಷಕ್ಕೊಮ್ಮೆ ಬದಲಿಸಿ. ಒಳಗಿನ ರಬ್ಬರು ಗಟ್ಟಿಯಾಗುತ್ತದೆ.

ಯಾರೂ ಹೇಳದ ಇನ್ನೊಂದು ವಿಷಯ. ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಸೊಳ್ಳೆ ಯಂತ್ರದ ಪಕ್ಕದಲ್ಲೇ ಪಂಪಿದ್ದರೆ ಅದರ ಹೊಗೆಯೂ ನೀರಿಗೇ. ಸೊಳ್ಳೆ, ಜಿರಳೆ ಮದ್ದುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಬಗೆ ನಮಗೆ ಅಷ್ಟೇನೂ ಮಾಡದಿರಬಹುದು, ಮೀನಿಗೆ ಕಡು ವಿಷ. ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ದಿನ ಟ್ಯಾಂಕನ್ನು ಒದ್ದೆ ಬಟ್ಟೆಯಿಂದ ಮುಚ್ಚಿ. ಪಂಪನ್ನು ಮದ್ದು ಹೊಡೆಯದ ಕೋಣೆಯಲ್ಲಿಟ್ಟು ಉದ್ದ ಪೈಪ್ ಎಳೆಯಿರಿ. ಆಗದಿದ್ದರೆ ಮದ್ದು ಹೊಡೆಯುವಷ್ಟು ಹೊತ್ತು ಪಂಪ್ ನಿಲ್ಲಿಸಿ, ಕಿಟಕಿ ತೆರೆದು ಕೋಣೆಯ ಗಾಳಿ ಬದಲಾದ ಮೇಲೆ ಹಾಕಿ.

## ಹಂತ 4: ಗುಳ್ಳೆಯ ಹದ

ಎರಡಡಿ ಟ್ಯಾಂಕಿಗೆ ನಿಮಿಷಕ್ಕೆ ಎರಡು ಮೂರು ಲೀಟರ್ ಗಾಳಿ ಕೊಡುವ ಸಣ್ಣ ಪಂಪ್ ಸಾಕು. ನೀರಿನ ಮೇಲ್ಮೈ ಸಣ್ಣಗೆ ಅಲುಗುತ್ತಿರಬೇಕು. ಕುದಿಯುವ ಸಾರಿನಂತೆ ಕೊತಕೊತ ಅನ್ನಬಾರದು. ಬೆಟ್ಟಾ ಮೀನು ಇದ್ದರೆ ಇನ್ನೂ ಕಡಿಮೆ, ಅದಕ್ಕೆ ಸೆಳೆತ ಆಗಿಬರುವುದಿಲ್ಲ.

ಏಪ್ರಿಲ್, ಮೇನಲ್ಲಿ ಗಾಳಿ ಸ್ವಲ್ಪ ಹೆಚ್ಚಿಸಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ನಿಲ್ಲುತ್ತದೆ. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಅದೇ ಆಮ್ಲಜನಕ ಬೇಕು.

ಒಂದು ಕೋಣೆಯ ಮನೆಯಲ್ಲಿ ಪಂಪಿನ ಗುಂಯ್ ಸದ್ದೇ ದೊಡ್ಡ ಜಗಳ. ರಾತ್ರಿ ಆರಿಸಿ ಮಲಗುತ್ತಾರೆ. ಬೇಡ. ಪಂಪು 24 ಗಂಟೆ ಓಡಲೇಬೇಕು. ಮರದ ಹಲಗೆ ಸದ್ದನ್ನು ದೊಡ್ಡದು ಮಾಡುತ್ತದೆ. ಮಡಚಿದ ಟವೆಲ್ ಮೇಲಿಡಿ, ಗೋಡೆಗೆ ತಾಗದಂತೆ ನೋಡಿ. ಆದರೂ ಜೋರಾಗಿದ್ದರೆ ಒಳಗಿನ ರಬ್ಬರ್ ಹರಿದಿರಬಹುದು, ಅದನ್ನಷ್ಟೇ ಬದಲಿಸಬಹುದು.

## ಹಂತ 5: ನೀರು

ಮುಂಬೈಗೆ ಭಾತ್ಸಾ, ತಾನ್ಸಾ, ಮೋಡಕ್ ಸಾಗರ, ಅಪ್ಪರ್ ಮತ್ತು ಮಿಡಲ್ ವೈತರಣಾ, ವಿಹಾರ್, ತುಳಸಿ ಹೀಗೆ ಏಳು ಜಲಾಶಯಗಳ ನೀರು ಬರುತ್ತದೆ. ಇದು ಸಾಮಾನ್ಯವಾಗಿ ಮೃದು ನೀರು. ಜೊತೆಗೆ ಕ್ಲೋರಿನ್. ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು. ನಮ್ಮ ಹೊಟ್ಟೆಗೆ ಒಳ್ಳೆಯದು, ನಮ್ಮ ಸ್ಪಂಜಿಗೆ ಕೆಟ್ಟದ್ದು.

ಪ್ರತಿ ಸಲ ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಬಾಟಲಿಯ ಮೇಲಿನ ಅಳತೆಯಲ್ಲಿ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ, ನಿಜ. ಆದರೆ ಭಾನುವಾರ ಬೆಳಿಗ್ಗೆ ನೆನಪಾಗಿ ಸಂಜೆಗೆ ಮುಗಿಸುವವರೇ ಜಾಸ್ತಿ.

ಎರಡು ದಿನ ಮಾತ್ರ ನೀರು ಬದಲಿಸಲೇಬೇಡಿ. ಒಂದು, ಸೊಸೈಟಿಯ ಟಾಂಕಿ ತೊಳೆದ ಮರುದಿನ. ಬ್ಲೀಚಿಂಗ್ ಪೌಡರ್ ವಾಸನೆ ನಲ್ಲಿಯಲ್ಲೇ ಬರುತ್ತದೆ. ಇನ್ನೊಂದು, ಬೇಸಿಗೆಯಲ್ಲಿ ನೀರು ಕಡಿತವಾಗಿ ಟ್ಯಾಂಕರ್ ಬಂದ ದಿನ. ಟ್ಯಾಂಕರಿನದು ಬೋರ್‌ವೆಲ್ ನೀರಾಗಿದ್ದರೆ ಗಡಸು. ಮೃದು ನೀರಿಗೆ ಒಗ್ಗಿದ ಮೀನಿಗೆ ಒಮ್ಮೆಲೇ ಅರ್ಧ ಟ್ಯಾಂಕ್ ಗಡಸು ನೀರು ಸುರಿದರೆ ತಡೆಯುವುದಿಲ್ಲ.

## ಹಂತ 6: ಸ್ಪಂಜನ್ನು ಪಳಗಿಸಿ, ಆಮೇಲೆ ಮೀನು ತನ್ನಿ

ಎಲ್ಲರೂ ಹಾರಿ ದಾಟುವ ಹಂತ ಇದು. ಬೆಳಿಗ್ಗೆ ಟ್ಯಾಂಕ್, ಸಂಜೆ ಹನ್ನೆರಡು ಮೀನು. ಹೊಸ ಸ್ಪಂಜಿನಲ್ಲಿ ಹೆಪ್ಪಿಲ್ಲ. ಅದು ತಾನಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮುಂಬೈಯ ಬೆಚ್ಚನೆ ನೀರಿನಲ್ಲಿ ಸ್ವಲ್ಪ ಬೇಗ ಆಗುವುದೂ ಉಂಟು.

ಸುಲಭದ ದಾರಿ: ಹೆಪ್ಪು ಕೇಳಿ ತರುವುದು. ಗೆಳೆಯರ ಮನೆಯಲ್ಲಿ ತಿಂಗಳುಗಟ್ಟಲೆ ಓಡಿದ, ಮೀನೆಲ್ಲ ಆರೋಗ್ಯವಾಗಿರುವ ಟ್ಯಾಂಕ್ ಇದ್ದರೆ, ನಿಮ್ಮ ಹೊಸ ಸ್ಪಂಜನ್ನು ಅಲ್ಲಿ ಮೂರು ನಾಲ್ಕು ವಾರ ಓಡಿಸಿ ತನ್ನಿ. ಅಥವಾ ಅವರ ಹಳೆ ಸ್ಪಂಜನ್ನೇ ತನ್ನಿ. ಒಣಗಬಾರದು. ಆ ಟ್ಯಾಂಕಿನ ನೀರು ಸ್ವಲ್ಪ ಇರಲಿ, ಡಬ್ಬಿಯಲ್ಲಿ ಗಾಳಿಗೂ ಜಾಗವಿರಲಿ. ಆದಷ್ಟು ಬೇಗ ನಿಮ್ಮ ಟ್ಯಾಂಕಿಗೆ ಹಾಕಿ. ನಾನು ಡೊಂಬಿವಲಿಯಿಂದ ಸ್ಟೀಲ್ ಡಬ್ಬಿಯಲ್ಲಿ ಇಂಥ ಸ್ಪಂಜನ್ನು ಲೋಕಲ್‌ನಲ್ಲಿ ತಂದಿದ್ದೆ. ಎದುರು ಕೂತವರು ಡಬ್ಬಿಯಲ್ಲಿ ಏನು ಅಂತ ಕೇಳಿದರು. ಹೆಪ್ಪು ಅಂದೆ. ಮೂಗಿಗೆ ಬಂದ ವಾಸನೆಗೆ ಅವರು ನಂಬಿದ ಹಾಗೆ ಕಾಣಲಿಲ್ಲ.

ಕಾಯಿಲೆ ಬಂದ ಟ್ಯಾಂಕಿನಿಂದ ಎಂದೂ ತರಬೇಡಿ. ಹೆಪ್ಪಿನ ಜೊತೆ ರೋಗವೂ ಬರುತ್ತದೆ.

ಹೆಪ್ಪು ಸಿಗದಿದ್ದರೆ: ಮೀನಿಲ್ಲದ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಎರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಾಣುತ್ತದೆ. ಆಹಾರ ಹಾಕುತ್ತಿದ್ದರೂ ಒಂದು ವಾರ ಎರಡೂ ಸೊನ್ನೆಯಲ್ಲೇ ನಿಂತರೆ ಸ್ಪಂಜ್ ಪಳಗಿದೆ.

ಮೀನು ಈಗಾಗಲೇ ತಂದಾಗಿದೆಯೇ? ಹಾಗಾದರೆ ಆಹಾರ ಅರ್ಧಕ್ಕೆ ಇಳಿಸಿ. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ತಲುಪಿದಾಗಲೆಲ್ಲ ಮೂರನೇ ಒಂದು ಭಾಗ ನೀರು ಬದಲಿಸಿ. ಕೆಲವು ವಾರ ಇದೇ ಕೆಲಸ. ಬೇರೆ ದಾರಿಯಿಲ್ಲ. ಬಾಟಲಿಯ ಬ್ಯಾಕ್ಟೀರಿಯಾ ಒಮ್ಮೊಮ್ಮೆ ನೆರವಾಗುತ್ತದೆ. ಅದನ್ನು ನಂಬಿ ಟೆಸ್ಟ್ ಬಿಡಬೇಡಿ.

ಮೊದಲ ವಾರದಲ್ಲಿ ನೀರು ಗಂಜಿ ತಿಳಿಯಂತೆ ಬೆಳ್ಳಗಾಗಬಹುದು. ಹೆದರಿ ಪೂರ್ತಿ ನೀರು ಚೆಲ್ಲಬೇಡಿ, ತಾನಾಗಿ ತಿಳಿಯಾಗುತ್ತದೆ. ಇನ್ನೊಂದು ಕಡೆ, ನೀರು ಕನ್ನಡಿಯಂತಿದೆ ಅಂತ ಮೋಸ ಹೋಗಲೂಬೇಡಿ. ಅಮೋನಿಯಾಕ್ಕೆ ಬಣ್ಣವಿಲ್ಲ.

ಮೀನು ತರುವಾಗ ಒಮ್ಮೆಗೆ ಮೂರು ನಾಲ್ಕೇ. ಮುಂದಿನವು ಹತ್ತು ದಿನ ಬಿಟ್ಟು. ಮೀನು ಹೆಚ್ಚಿದಂತೆ ಬ್ಯಾಕ್ಟೀರಿಯಾವೂ ಹೆಚ್ಚಬೇಕಲ್ವಾ, ಅದಕ್ಕೆ ಸಮಯ ಕೊಡಿ.

## ಹಂತ 7: ಸ್ಪಂಜ್ ತೊಳೆಯುವ ಕ್ರಮ

ತಾರೀಕು ನೋಡಿ ತೊಳೆಯಬೇಡಿ, ಗುಳ್ಳೆ ನೋಡಿ ತೊಳೆಯಿರಿ. ಪಂಪ್ ಸರಿಯಿದ್ದೂ ಕೊಳವೆಯಿಂದ ಬರುವ ನೀರಿನ ರಭಸ ಇಳಿದರೆ, ಅಥವಾ ಸ್ಪಂಜ್ ಒಳಕ್ಕೆ ಕುಗ್ಗಿದಂತೆ ಕಂಡರೆ ಸಮಯವಾಯಿತು. ನಮ್ಮ ಮನೆಯಲ್ಲಿ ಇದು ಮೂರು ನಾಲ್ಕು ವಾರಕ್ಕೊಮ್ಮೆ. ಮೀನು ಜಾಸ್ತಿ ಇದ್ದರೆ ಎರಡು ವಾರ.

1. ಪಂಪ್ ಆರಿಸಿ.
2. ಮೊದಲು ಸೈಫನ್‌ನಿಂದ ಕಾಲು ಭಾಗ ನೀರನ್ನು ಮೀನಿನ ಬಾಲ್ದಿಗೆ ತೆಗೆಯಿರಿ. ಸ್ಪಂಜ್ ತೊಳೆಯುವ ನೀರು ಇದೇ. ಬಾಲ್ದಿ ತುಂಬುವ ಮೊದಲು ಸ್ಪಂಜ್ ಎತ್ತಿದರೆ ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತದೆ.
3. ನೀರೊಳಗೇ ಸ್ಪಂಜಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಸಮೇತ ಎತ್ತಿ. ಹಾಗೇ ಎತ್ತಿದರೆ ಹಿಡಿದಿದ್ದ ಕಸವೆಲ್ಲ ಟ್ಯಾಂಕಿಗೇ ಚೆಲ್ಲುತ್ತದೆ.
4. ಬಾಲ್ದಿಯ ನೀರಿನಲ್ಲಿ ಮೂರು ನಾಲ್ಕು ಸಲ ಹಿಂಡಿ. ಉಜ್ಜಬೇಡಿ, ತಿರುಚಬೇಡಿ, ಬ್ರಷ್ ಬೇಡ.
5. ನೀರು ಕಷಾಯದಂತಾಗುತ್ತದೆ. ಸ್ಪಂಜಿನಿಂದ ಇನ್ನೂ ಸ್ವಲ್ಪ ಕಂದು ನೀರು ಬರುತ್ತಿರುವಾಗಲೇ ನಿಲ್ಲಿಸಿ. ಕೈ ಇನ್ನೆರಡು ಸಲ ಹಿಂಡಲು ಹೋಗುತ್ತದೆ, ತಡೆಯಿರಿ.
6. ಕೊಳವೆಯ ಒಳಗೆ ಬಾಟಲಿ ಬ್ರಷ್ ಆಡಿಸಿ. ಏರ್ ಸ್ಟೋನ್ ಕಟ್ಟಿಕೊಂಡಿದ್ದರೆ ಹೊಸದು ಹಾಕಿ.
7. ಸ್ಪಂಜನ್ನು ಟ್ಯಾಂಕಿನ ನೀರೊಳಗೆ ಒಮ್ಮೆ ಹಿಂಡಿ ಕೂರಿಸಿ, ಪಂಪ್ ಹಾಕಿ.
8. ಆಂಟಿ ಕ್ಲೋರಿನ್ ಬೆರೆಸಿದ ನೀರನ್ನು ನಿಧಾನ ತುಂಬಿ.

ಬಾಲ್ದಿಯ ಕಪ್ಪು ನೀರು ಗ್ಯಾಲರಿಯ ಮಲ್ಲಿಗೆ ಕುಂಡಕ್ಕೆ ಒಳ್ಳೆಯ ಗೊಬ್ಬರ.

ಜೋಡಿ ಸ್ಪಂಜ್ ತನ್ನಿ ಅಂದದ್ದು ಇದಕ್ಕೆ: ಈ ಸಲ ಒಂದನ್ನು, ಎರಡು ವಾರ ಬಿಟ್ಟು ಇನ್ನೊಂದನ್ನು ತೊಳೆಯಬಹುದು. ಅರ್ಧ ಹೆಪ್ಪು ಯಾವಾಗಲೂ ಉಳಿದಿರುತ್ತದೆ. ಸ್ಪಂಜ್ ತೊಳೆದ ದಿನ ಜಲ್ಲಿ ತೊಳೆಯಬೇಡಿ. ಗಾಜು, ಜಲ್ಲಿ, ಕಲ್ಲುಗಳ ಮೇಲೂ ಬ್ಯಾಕ್ಟೀರಿಯಾ ಇರುತ್ತದೆ. ಎಲ್ಲವನ್ನೂ ಒಂದೇ ದಿನ ತೆಗೆದರೆ ಟ್ಯಾಂಕ್ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ.

ಇದು ಆಗುವುದು ಹೆಚ್ಚಾಗಿ ಚೌತಿ, ದೀಪಾವಳಿಯ ಹಿಂದಿನ ವಾರ. ಮನೆಗೆ ಸುಣ್ಣ ಬಣ್ಣ, ಫ್ಯಾನು ಒರೆಸುವುದು, ಅದರ ಜೊತೆಗೆ ಟ್ಯಾಂಕೂ "ಫಳಫಳ" ಆಗಬೇಕು. ನಾನೂ ಒಂದು ಚೌತಿಗೆ ಹೀಗೆ ಮಾಡಿ ಆರು ಗಪ್ಪಿ ಕಳಕೊಂಡಿದ್ದೇನೆ. ಈಗ ಹಬ್ಬಕ್ಕೆ ಮುಂಭಾಗದ ಗಾಜು ಮಾತ್ರ ಒರೆಸುತ್ತೇನೆ. ಬಂದವರು ನೋಡುವುದೂ ಅಷ್ಟೇ.

ಬಣ್ಣ ಮಾಸಿತು ಅಂತ ಸ್ಪಂಜ್ ಬದಲಿಸಬೇಡಿ. ಹಿಂಡಿದ ಮೇಲೆ ಉಬ್ಬಿ ಮೊದಲಿನ ಆಕಾರಕ್ಕೆ ಬರುವವರೆಗೂ ಅದು ಕೆಲಸಕ್ಕೆ ಬರುತ್ತದೆ, ವರ್ಷಗಟ್ಟಲೆ. ಬದಲಿಸಲೇಬೇಕಾದರೆ ಹೊಸದನ್ನು ಹಳೆಯದರ ಪಕ್ಕದಲ್ಲಿ ಒಂದು ತಿಂಗಳು ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.

## ನಲ್ಲಿಯಲ್ಲಿ ತೊಳೆದೇಬಿಟ್ಟಿದ್ದರೆ

ಬೈದು ಪ್ರಯೋಜನವಿಲ್ಲ. ಎರಡು ದಿನ ಮೀನಿಗೆ ಆಹಾರ ಕೊಡಬೇಡಿ, ಅವು ಸಾಯುವುದಿಲ್ಲ. ದಿನಾ ಅಮೋನಿಯಾ ನೋಡಿ. ಏರಿದ್ದರೆ ಮೂರನೇ ಒಂದು ಭಾಗ ನೀರು ಬದಲಿಸಿ. ಗಾಳಿ ಹೆಚ್ಚಿಸಿ. ಯಾರದಾದರೂ ಹಳೆ ಸ್ಪಂಜ್ ಸಿಕ್ಕರೆ ಅದನ್ನು ನಿಮ್ಮ ಟ್ಯಾಂಕಿನಲ್ಲಿ ಹಿಂಡಿ. ನೀರು ಒಂದು ಗಂಟೆ ರಾಡಿಯಾಗುತ್ತದೆ, ಆಗಲಿ. ಹೊಸ ಮೀನು ಒಂದು ತಿಂಗಳು ತರಬೇಡಿ.

## ಎಚ್ಚರಿಕೆಯ ಗುರುತುಗಳು

ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ಗುಳ್ಳೆ ನೋಡಿ, ಆಮೇಲೆ ಅಮೋನಿಯಾ ಮತ್ತು ನೈಟ್ರೈಟ್. ಕಿವಿರು ಕೆಂಪಗೆ ಉರಿದಂತೆ ಕಂಡರೆ ಅಮೋನಿಯಾದ ಅನುಮಾನವೇ ಮೊದಲು. ಟೆಸ್ಟ್ ಮಾಡುತ್ತಾ ಕೂರದೆ ನೀರು ಬದಲಿಸಿ, ಟೆಸ್ಟ್ ಆಮೇಲೆ.

ಗುಳ್ಳೆ ದಪ್ಪಗಾಗಿ ಬುಳಕ್ ಬುಳಕ್ ಅಂದರೆ ಏರ್ ಸ್ಟೋನ್ ಕಳಚಿದೆ. ಗುಳ್ಳೆ ಸಣ್ಣಗಾಗುತ್ತಾ ಬಂದರೆ ಕಾರಣವನ್ನು ಪಂಪಿನಿಂದ ಟ್ಯಾಂಕಿನ ಕಡೆಗೆ ಹುಡುಕಿ: ಪಂಪಿನ ಅಡಿಯಲ್ಲಿ ಗಾಳಿ ಸೋಸುವ, ಧೂಳು ಹಿಡಿದ ಫೆಲ್ಟ್ ತುಂಡು, ಮಡಚಿದ ಪೈಪ್, ಕಟ್ಟಿಕೊಂಡ ವಾಲ್ವ್, ಏರ್ ಸ್ಟೋನ್, ಕೊನೆಗೆ ಸ್ಪಂಜ್. ಹೆದ್ದಾರಿ, ಕಟ್ಟಡ ಕೆಲಸದ ಪಕ್ಕದ ಮನೆಗಳಲ್ಲಿ ಬಹಳ ಸಲ ಆ ಫೆಲ್ಟೇ ಅಪರಾಧಿ.

ಸ್ಪಂಜಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡದೆ ಸತ್ತಿದೆ. ತಕ್ಷಣ ಹೊರಗೆ ತೆಗೆಯಿರಿ.

ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಇನ್ನೊಂದು ತೊಂದರೆ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕ್ಷಾರವನ್ನು ತಿನ್ನುತ್ತದೆ. ನಮ್ಮ ಮೃದು ನೀರಿನಲ್ಲಿ ಅದು ಮೊದಲೇ ಕಡಿಮೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಆರರ ಹತ್ತಿರ ಇಳಿದರೆ ಬ್ಯಾಕ್ಟೀರಿಯಾದ ಕೆಲಸ ಕುಂಟುತ್ತದೆ. ವಾರಕ್ಕೆ ಕಾಲು ಭಾಗ ನೀರು ಬದಲಿಸುವವರಿಗೆ ಈ ಚಿಂತೆಯಿಲ್ಲ.

ಮೀನಿಗೆ ಮದ್ದು ಹಾಕುವುದಿದ್ದರೆ ಬೇರೆ ಡಬ್ಬಿಯಲ್ಲಿ ಹಾಕಿ. ಆಂಟಿಬಯೋಟಿಕ್, ಮೆಥಿಲೀನ್ ಬ್ಲೂ ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ.

## ಕರೆಂಟ್ ಹೋದಾಗ

2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬೈಯ ಕರೆಂಟ್ ಹೋದದ್ದು ನೆನಪಿರಬಹುದು. ಲೋಕಲ್‌ಗಳೇ ನಿಂತಿದ್ದವು. ಇಲ್ಲಿ ಕರೆಂಟ್ ಹೋಗುವುದು ಅಪರೂಪ, ಆದ್ದರಿಂದ ಯಾರೂ ತಯಾರಿರುವುದಿಲ್ಲ. ಯುಎಸ್‌ಬಿ ಏರ್ ಪಂಪ್ ಒಂದು ತಂದಿಡಿ, ಮೊಬೈಲಿನ ಪವರ್ ಬ್ಯಾಂಕಿನಿಂದ ಓಡುತ್ತದೆ. ಅದೂ ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಲೋಟದಿಂದ ಟ್ಯಾಂಕಿನ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಆಹಾರ ಹಾಕಬೇಡಿ.

ಕರೆಂಟ್ ನಾಲ್ಕೈದು ಗಂಟೆಗಿಂತ ಜಾಸ್ತಿ ಇಲ್ಲದಿದ್ದರೆ, ಬಂದ ಕೂಡಲೇ ಪಂಪ್ ಹಾಕಬೇಡಿ. ಮೊದಲು ಸ್ಪಂಜ್ ಮೂಸಿ ನೋಡಿ. ಬಾಲ್ದಿಗೆ ತೆಗೆದ ಟ್ಯಾಂಕಿನ ನೀರಿನಲ್ಲಿ ಹಿಂಡಿ, ಆಮೇಲೆ ಹಾಕಿ. ಇಲ್ಲದಿದ್ದರೆ ಒಳಗೆ ಕೊಳೆತದ್ದೆಲ್ಲ ಒಮ್ಮೆಲೇ ಮೀನುಗಳ ಮೇಲೆ ಬರುತ್ತದೆ.

## ಊರಿಗೆ ಹೋಗುವಾಗ

ಬೇಸಿಗೆ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ ಟ್ಯಾಂಕ್ ತೊಳೆಯುವುದು ದೊಡ್ಡ ತಪ್ಪು. ಮೀನು ಸಾಯುವುದು ಮತ್ಸ್ಯಗಂಧ ರೈಲು ಕಾರವಾರ ದಾಟಿ ಎಷ್ಟೋ ದಿನವಾದ ಮೇಲೆ, ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ಸ್ಪಂಜ್ ತೊಳೆಯುವುದಿದ್ದರೆ ಹತ್ತು ದಿನ ಮೊದಲೇ ಮುಗಿಸಿ. ಹೊರಡುವ ಎರಡು ದಿನ ಮೊದಲು ಮೂರನೇ ಒಂದು ಭಾಗ ನೀರು ಬದಲಿಸಿ, ಅಷ್ಟೇ.

ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಅದಕ್ಕಿಂತ ಜಾಸ್ತಿಯಾದರೆ ಪಕ್ಕದ ಮನೆಯವರಿಗೆ ಕೀಲಿ ಕೊಡಿ, ಆಹಾರದ ಡಬ್ಬಿ ಕೊಡಬೇಡಿ. ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕುತ್ತಾರೆ. ಚಿಟಿಕೆ ಚಿಟಿಕೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರ ಬರೆದಿಡಿ, ಮೂರು ದಿನಕ್ಕೊಂದು. ಟ್ಯಾಂಕಿನ ಗಾಜಿಗೆ ಒಂದು ಚೀಟಿ ಅಂಟಿಸಿ, ಅವರಿಗೆ ಓದಲು ಬರುವ ಭಾಷೆಯಲ್ಲಿ. ನಮ್ಮಲ್ಲಿ ಅದು ಮರಾಠಿಯಲ್ಲಿದೆ: ಗುಳ್ಳೆ ಬರುತ್ತಿದೆಯಾ ನೋಡಿ, ನಿಂತಿದ್ದರೆ ಫೋನ್ ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ.